‘ನೋಡೋಣ’ ಅನ್ನುವ ಮುಂಚೆ

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತು. ಬಾಗಿಲಲ್ಲಿ ದೊಡ್ಡಪ್ಪನ ಮಗ ನಿಂತಿದ್ದಾನೆ. ಕೈಯಲ್ಲಿ ಅರ್ಧ ಕೆ.ಜಿ. ಮೈಸೂರು ಪಾಕ್, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಮಕ್ಕಳ ಓದು, ಊರಿನ ಮಳೆ, ದೊಡ್ಡಮ್ಮನ ಮಂಡಿನೋವು ಎಲ್ಲ ಮುಗಿದು ಎರಡನೇ ಲೋಟ ಕಾಫಿ ಬರುವ ಹೊತ್ತಿಗೆ ಫೈಲು ಟೀಪಾಯಿಯ ಮೇಲೆ ಬಿಚ್ಚಿಕೊಳ್ಳುತ್ತದೆ. “ಏನಿಲ್ಲ ಕಣೋ, ಸೊಸೈಟೀಲಿ ಐದು ಲಕ್ಷ ತಗೋತಿದ್ದೀನಿ. ಇನ್ನೊಂದು ಜಾಮೀನು ಬೇಕಂತೆ. ಒಂದು ಸೈನು, ಅಷ್ಟೆ.”

ಮನೆಯ ಯಜಮಾನ ಹೆಂಡತಿಯ ಮುಖ ನೋಡುತ್ತಾನೆ. ಅವಳು ಅಡುಗೆಮನೆಯ ಕಡೆ ನೋಡುತ್ತಾಳೆ. ಕೊನೆಗೆ ಅವನ ಬಾಯಿಂದ ಬರುವುದು, “ನೋಡೋಣ ಅಣ್ಣ.” ಹೇಳಿದವನ ಮನಸ್ಸಿನಲ್ಲಿ ಅದು ‘ಬೇಡ’. ಕೇಳಿದವನ ಕಿವಿಗೆ ಅದು ‘ಆಗಲಿ’. ಬುಧವಾರ ಫೋನು ಬರುತ್ತದೆ: “ಎಲ್ಲ ರೆಡಿ ಆಗಿದೆ. ಆಧಾರ್ ಜೆರಾಕ್ಸು, ಸಂಬಳದ ಚೀಟಿ ತಗೊಂಡು ಬಂದ್ಬಿಡು.” ಭಾನುವಾರ ಕಷ್ಟವಾಗಿದ್ದ ಮಾತು ಈಗ ಅಸಾಧ್ಯವೇ ಆಗಿದೆ. ಸಹಿ ಬೀಳುತ್ತದೆ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ತಾವಿಲ್ಲ ಎಂದು ಹಿರಿಯರು ಹೇಳಿದ್ದು ಇಂಥದ್ದನ್ನು ಕಂಡೇ. ಗಾದೆ ಎಲ್ಲರಿಗೂ ಗೊತ್ತು. ಆದರೆ ಎದುರಿಗೆ ಕೂತವರ ಮನಸ್ಸು ನೋಯಿಸದೆ, ಒರಟ ಎಂದು ಅನ್ನಿಸಿಕೊಳ್ಳದೆ, ಹೇಳಬೇಕಾದ್ದನ್ನು ನೇರವಾಗಿ ಹೇಳುವುದು ಹೇಗೆ ಎಂಬುದನ್ನು ನಮಗೆ ಮನೆಯಲ್ಲೂ ಕಲಿಸಿಲ್ಲ, ಶಾಲೆಯಲ್ಲೂ ಕಲಿಸಿಲ್ಲ.

ಒಂದು ಸಹಿಯ ಭಾರ

ಜಾಮೀನು ಎಂದರೆ ಸಾಕ್ಷಿ ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಸಾಲಗಾರ ಒಳ್ಳೆಯವನು ಎಂದು ಹೇಳಿದಷ್ಟೇ ಅದರ ಅರ್ಥ ಎಂದು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಸಾಲಗಾರನ ಆಸ್ತಿ ಜಪ್ತಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಸಾಲ ಕೊಟ್ಟವರು ನೇರವಾಗಿ ಜಾಮೀನುದಾರನನ್ನೇ ಹಿಡಿಯಬಹುದು.

ಬ್ಯಾಂಕಿನ ಸಾಲವಾದರೆ ಸುಸ್ತಿಯ ಕಲೆ ಜಾಮೀನುದಾರನ ಸಾಲದ ಇತಿಹಾಸಕ್ಕೂ ಅಂಟಬಹುದು. ನಾಲ್ಕು ವರ್ಷದ ನಂತರ ಅವನು ತನ್ನ ಮನೆಗೆ ಸಾಲ ಕೇಳಲು ಹೋದಾಗ ಆ ಹಳೆಯ ಸಹಿ ಎದ್ದು ಬರುತ್ತದೆ. ಹೀಗೆ ಸಂಬಂಧ ಉಳಿಯಲಿ ಎಂದು ಹಾಕಿದ ಸಹಿಯೇ ಸಂಬಂಧವನ್ನು ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ. ಸ್ಪಷ್ಟವಾಗಿ ಮಾತಾಡುವುದು ಬರೀ ಸ್ವಭಾವದ ಪ್ರಶ್ನೆ, ವ್ಯಕ್ತಿತ್ವ ವಿಕಸನದ ಶಿಬಿರದ ವಿಷಯ ಎಂದು ತಳ್ಳಿಹಾಕುವವರಿಗೆ ಈ 128ನೇ ಕಲಮನ್ನು ತೋರಿಸಬೇಕು.

ಬಾಯಿ ಕಟ್ಟುವುದು ಎಲ್ಲಿ?

ಮನುಷ್ಯ ನಾಲ್ಕು ಜನರ ನಡುವೆ ತನ್ನ ಮುಖ ಉಳಿಸಿಕೊಳ್ಳಲು, ಎದುರಿನವರ ಮುಖ ಉಳಿಸಲು ಎಷ್ಟು ಶ್ರಮ ಪಡುತ್ತಾನೆ ಎಂಬುದನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲೇ ವಿವರಿಸಿದ್ದರು. ಅದನ್ನು ಮುಂದುವರಿಸಿದವರು ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್. ಮೆಕ್ಸಿಕೊದ ತ್ಸೆಲ್ಟಾಲ್ ಜನ, ಇಂಗ್ಲಿಷ್ ಆಡುವ ಜನ, ನಮ್ಮ ಪಕ್ಕದ ತಮಿಳುನಾಡಿನ ಹಳ್ಳಿಯ ಜನ, ಮೂವರೂ ಕೇಳುವ, ನಿರಾಕರಿಸುವ ರೀತಿಯನ್ನು ಅವರು ಒಟ್ಟಿಗಿಟ್ಟು ನೋಡಿದರು. 1987ರಲ್ಲಿ ಪುಸ್ತಕವಾಗಿ ಬಂದ ಆ ಅಧ್ಯಯನದ ಸಾರ ಇಷ್ಟು: ಎದುರಿನವರು ಎಷ್ಟು ದೊಡ್ಡವರು, ನಮಗೂ ಅವರಿಗೂ ಎಷ್ಟು ದೂರ, ಮಾತಿನಿಂದ ಅವರಿಗೆ ಆಗುವ ತೊಂದರೆ ಎಷ್ಟು, ಈ ಮೂರೂ ಹೆಚ್ಚಾದಷ್ಟು ಮಾತು ಸುತ್ತಿ ಬಳಸಿ ಹೋಗುತ್ತದೆ.

ಹಾಗಾದರೆ ಸುತ್ತುವುದು ನಮ್ಮ ಒಬ್ಬರ ದೌರ್ಬಲ್ಯವಲ್ಲ. ಎಲ್ಲ ಊರಿನವರೂ ಸುತ್ತುತ್ತಾರೆ. ತೊಡಕು ಬರುವುದು ಸುತ್ತಿ ಸುತ್ತಿ ವಿಷಯವೇ ಕಳೆದುಹೋದಾಗ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೇಳುವವನಿಗೆ ತಾನು ಹಾಕುತ್ತಿರುವ ಒತ್ತಡ ಗೊತ್ತಾಗುವುದೇ ಇಲ್ಲ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಬೋನ್ಸ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತರ ಹತ್ತಿರ ಹೋಗಿ ಒಂದು ಪ್ರಶ್ನಾವಳಿ ತುಂಬಿಕೊಡಿ ಎಂದು ಕೇಳಬೇಕಿತ್ತು. ಇಷ್ಟು ಜನರನ್ನು ಕೇಳಬೇಕಾದೀತು ಎಂದು ಹೊರಟವರು ಅಂದಾಜು ಮಾಡಿದ್ದರ ಸುಮಾರು ಅರ್ಧದಷ್ಟು ಜನರನ್ನು ಕೇಳುವಷ್ಟರಲ್ಲೇ ಅವರ ಕೆಲಸ ಮುಗಿದಿತ್ತು. ಇಲ್ಲ ಎನ್ನುವುದು ಎದುರಿನವರಿಗೆ ಎಷ್ಟು ಮುಜುಗರ ಎಂಬುದನ್ನು ಕೇಳುವವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಫೈಲು ಹಿಡಿದು ಬಂದ ಅಣ್ಣನನ್ನು ಸ್ವಾರ್ಥಿ ಎನ್ನುವುದು ಸುಲಭ. ಬಹುಪಾಲು ಸಲ ಅವನಿಗೆ ನಿಜವಾಗಿಯೂ ಅದು ಒಂದು ಸೈನು, ಅಷ್ಟೆ.

ಹಕ್ಕಿನ ಭಾಷೆ ಮನೆಗೆ ಬಂದರೆ

ನೇರವಾಗಿ ಮಾತಾಡುವುದನ್ನು ಒಂದು ತರಬೇತಿಯಾಗಿ ಬೆಳೆಸಿದ್ದು ಅಮೆರಿಕದ ಮನಶ್ಶಾಸ್ತ್ರ. ಆಂಡ್ರ್ಯೂ ಸಾಲ್ಟರ್ 1949ರಲ್ಲಿ, ದಕ್ಷಿಣ ಆಫ್ರಿಕಾ ಮೂಲದ ಜೋಸೆಫ್ ವೋಲ್ಪೆ 1958ರಲ್ಲಿ ಬರೆದ ಪುಸ್ತಕಗಳಲ್ಲಿ ಅದು ಅಳುಕು, ಆತಂಕಕ್ಕೆ ಚಿಕಿತ್ಸೆಯಾಗಿತ್ತು. 1970ರಲ್ಲಿ ರಾಬರ್ಟ್ ಆಲ್ಬರ್ಟಿ ಮತ್ತು ಮೈಕೆಲ್ ಎಮನ್ಸ್ ಅದನ್ನು ಸಾಮಾನ್ಯ ಓದುಗರ ಕೈಗೆ ತಂದರು. ತನ್ನ ಮಾತು ಹೇಳುವುದು ಬೇರೆ, ಎದುರಿನವರ ಮೇಲೆ ಎರಗುವುದು ಬೇರೆ ಎಂದು ಅವರು ಗೆರೆ ಎಳೆದರು. 1975ರಲ್ಲಿ ಮ್ಯಾನ್ಯುಯಲ್ ಸ್ಮಿತ್ ಕಲಿಸಿದ್ದು, ಎದುರಿನವರು ಎಷ್ಟೇ ವಾದ ಹೂಡಿದರೂ ಸಿಟ್ಟಾಗದೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಉಪಾಯ.

ಈ ಪುಸ್ತಕಗಳಿಂದ ಕಲಿಯುವುದು ಬಹಳ ಇದೆ. ಆದರೆ ಅವು ನಿಂತಿರುವುದು ‘ನನ್ನ ಹಕ್ಕು’ ಎಂಬ ನೆಲದ ಮೇಲೆ. ದೊಡ್ಡಪ್ಪನ ಮಗನೆದುರು “ಇಲ್ಲ ಎನ್ನುವುದು ನನ್ನ ಹಕ್ಕು” ಎಂದರೆ ಅಲ್ಲಿಗೆ ಮಾತು ಮುಗಿಯಿತು, ಮುಂದಿನ ಗೌರಿ ಹಬ್ಬದ ಊಟವೂ ಮುಗಿಯಿತು. ಹಕ್ಕು ಇಲ್ಲವೆಂದಲ್ಲ. ನಮ್ಮ ಮನೆಗಳಲ್ಲಿ ಹಕ್ಕಿನ ಮಾತು ಬರುವುದು ಪಾಲು ಮಾಡಿಕೊಳ್ಳುವ ದಿನ. ಕೂಡಿ ಬಾಳಬೇಕಾದವರ ನಡುವೆ ನಡೆಯುವ ಮಾತಿಗೆ ಬೇರೆ ದಾರಿ ಬೇಕು. ಅಂಥ ದಾರಿ ಸಿಕ್ಕಿದ್ದು, ವಿಚಿತ್ರ ಎನ್ನಿಸಬಹುದು, ವಿಮಾನ ಅಪಘಾತಗಳ ತನಿಖೆಯಲ್ಲಿ.

ಕಾಕ್‌ಪಿಟ್ಟಿನ ಸಂಕೋಚ

1977ರ ಮಾರ್ಚ್ 27, ಕೆನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣ. ದಟ್ಟ ಮಂಜು. ಕೆಎಲ್‌ಎಂ ಕಂಪನಿಯ ಬೋಯಿಂಗ್ 747 ಹಾರಲು ರನ್‌ವೇಯಲ್ಲಿ ಓಡತೊಡಗಿದೆ. ಅದೇ ರನ್‌ವೇಯ ಮುಂದೆ ಎಲ್ಲೋ ಪ್ಯಾನ್ ಆ್ಯಮ್‌ನ ಇನ್ನೊಂದು 747 ಇದೆ. ಅದು ರನ್‌ವೇ ಬಿಟ್ಟು ಸರಿದಿಲ್ಲವೇನೋ ಎಂಬ ಅನುಮಾನ ಕೆಎಲ್‌ಎಂನ ಫ್ಲೈಟ್ ಎಂಜಿನಿಯರಿಗೆ ಬಂತು. ಅವರು ಅದನ್ನು ಒಂದು ಪ್ರಶ್ನೆಯಾಗಿ ಕೇಳಿದರು. ಕಂಪನಿಯಲ್ಲೇ ಅತ್ಯಂತ ಹಿರಿಯರ ಸಾಲಿನಲ್ಲಿದ್ದ, ಉಳಿದ ಪೈಲಟ್‌ಗಳಿಗೆ ಪಾಠ ಹೇಳುತ್ತಿದ್ದ ಕ್ಯಾಪ್ಟನ್, ಸರಿದಿದೆ ಎಂದು ಖಚಿತವಾಗಿ ಉತ್ತರಿಸಿದರು. ಎಂಜಿನಿಯರ್ ಸುಮ್ಮನಾದರು. ಕೆಲವೇ ಕ್ಷಣಗಳಲ್ಲಿ ಎರಡೂ ವಿಮಾನಗಳು ಡಿಕ್ಕಿಯಾದವು. 583 ಜನ ಸತ್ತರು.

ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಯುನೈಟೆಡ್ ಕಂಪನಿಯ ವಿಮಾನ ಇಂಧನ ಮುಗಿದು ಬಿತ್ತು. ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿದ್ದರು. ಇಂಧನ ಕಡಿಮೆಯಾಗುತ್ತಿದೆ ಎಂದು ಜತೆಗಾರರು ಸೂಚ್ಯವಾಗಿ ಹೇಳುತ್ತಲೇ ಇದ್ದರು. ಈಗಲೇ ಇಳಿಯಬೇಕು ಎಂದು ಯಾರೂ ಹೇಳಲಿಲ್ಲ. ಸತ್ತವರು 10 ಜನ.

ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎರಡು ಮುಖದ ಶಿಫಾರಸು ಮಾಡಿತು. ಕಾಕ್‌ಪಿಟ್ಟಿನ ಕಿರಿಯರಿಗೆ ದೃಢವಾಗಿ ಮಾತಾಡುವ ತರಬೇತಿ ಕೊಡಬೇಕು. ಕ್ಯಾಪ್ಟನ್‌ಗಳಿಗೆ ಎಲ್ಲರನ್ನೂ ಸೇರಿಸಿಕೊಂಡು ಕೆಲಸ ಮಾಡುವುದನ್ನು ಕಲಿಸಬೇಕು. 1979ರಲ್ಲಿ ನಾಸಾ ಇದೇ ವಿಷಯಕ್ಕೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಕಂಪನಿ ತರಬೇತಿ ಶುರು ಮಾಡಿತು. ಇವತ್ತು ಜಗತ್ತಿನ ಎಲ್ಲ ಕಡೆ ವಿಮಾನ ಸಿಬ್ಬಂದಿ ಇದನ್ನು ಕಲಿಯುತ್ತಾರೆ.

ಅಲ್ಲಿ ಕಲಿಸುವ ಮಾತಿನ ಕ್ರಮ ಹೀಗಿದೆ: “ಕ್ಯಾಪ್ಟನ್, ನನಗೆ ಇಂಧನದ ಬಗ್ಗೆ ಆತಂಕ ಇದೆ. ಇರುವುದು ಹದಿನೈದು ನಿಮಿಷಕ್ಕೆ ಆಗುವಷ್ಟು ಮಾತ್ರ. ಈಗಲೇ ಇಳಿಯೋಣ. ಏನಂತೀರಿ?” ಮೊದಲು ಅವರ ಸ್ಥಾನಕ್ಕೆ ಒಪ್ಪುವ ಹಾಗೆ ಕರೆಯುವುದು, ಆಮೇಲೆ ನನ್ನ ಆತಂಕ, ನಂತರ ಕಣ್ಣಿಗೆ ಕಾಣುವ ಸಂಗತಿ, ಏನು ಮಾಡಬೇಕೆಂಬ ಸಲಹೆ, ಕೊನೆಗೆ ಅವರ ಒಪ್ಪಿಗೆ. ಇದರಲ್ಲಿ ಮರ್ಯಾದೆಗೆ ಎಲ್ಲೂ ಕೊರತೆಯಿಲ್ಲ. ಅನುಮಾನಕ್ಕೂ ಎಡೆಯಿಲ್ಲ. ನಾವು ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಮೆತ್ತಗಾಗುತ್ತೇವೆ. ಮೃದುತ್ವ ಇರಬೇಕಾದ್ದು ಕರೆಯುವಲ್ಲಿ, ದನಿಯಲ್ಲಿ, ಕಣ್ಣಲ್ಲಿ. ಅದನ್ನು ಒಯ್ದು ವಿಷಯದ ಮೇಲೇ ಸುರಿದರೆ ಕೇಳುವವರಿಗೆ ಏನೂ ಕಾಣುವುದಿಲ್ಲ.

ಬಜ್ಪೆಯ ಬೆಳಿಗ್ಗೆ

ಕರ್ನಾಟಕಕ್ಕೆ ಈ ಪಾಠ ತೀರ ಹತ್ತಿರದ್ದು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದ ತಲೆಯ ಮೇಲಿರುವ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ 158 ಜನ ಸತ್ತರು, ಎಂಟು ಜನ ಬದುಕಿದರು. ಗಲ್ಫಿನಲ್ಲಿ ದುಡಿದು ಊರಿಗೆ ಬರುತ್ತಿದ್ದ ಕರಾವಳಿಯ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ದಿನದ ನೋವು ಇನ್ನೂ ಆರಿಲ್ಲ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಬಯಲಿಗೆ ತಂದ ಸಂಗತಿಗಳಿವು. ಹಾರಾಟದ ಬಹುಹೊತ್ತು ಕ್ಯಾಪ್ಟನ್ ನಿದ್ರಿಸಿದ್ದರು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ರನ್‌ವೇ ಸಮೀಪಿಸುತ್ತಿತ್ತು. ಇಳಿಸುವುದನ್ನು ಬಿಟ್ಟು ಮೇಲೇರಿ ಇನ್ನೊಂದು ಸುತ್ತು ಬರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ವಿಮಾನದ ಎಚ್ಚರಿಕೆಯ ಯಂತ್ರವೂ ಕೂಗಿತು. ಕ್ಯಾಪ್ಟನ್ ಕೇಳಲಿಲ್ಲ.

ಈ ಘಟನೆಯನ್ನು ಸುಲಭವಾಗಿ ನುಂಗಿಕೊಳ್ಳಲಾಗುವುದಿಲ್ಲ. ಟೆನೆರಿಫ್‌ನ ಎಂಜಿನಿಯರಂತೆ ಈ ಸಹಪೈಲಟ್ ಅನುಮಾನಿಸಿ ಸುಮ್ಮನಾಗಲಿಲ್ಲ. ಹೇಳಬೇಕಾದ್ದನ್ನು ಹೇಳಿದರು, ಮತ್ತೆ ಹೇಳಿದರು. ನಿಯಂತ್ರಣವನ್ನು ತಾವೇ ಕೈಗೆತ್ತಿಕೊಳ್ಳಲಿಲ್ಲ. ಅದಕ್ಕೆ ತನಿಖೆ ಕೊಟ್ಟ ಸಂಭಾವ್ಯ ಕಾರಣ, ಸಹಪೈಲಟ್ ತಾನಾಗಿ ಹಾಗೆ ಮಾಡಬಹುದೇ ಎಂಬ ಬಗ್ಗೆ ಆಗಿನ ಸೂಚನೆಗಳಲ್ಲೇ ಇದ್ದ ಗೊಂದಲ. ಸ್ಪಷ್ಟವಾಗಿ ಮಾತಾಡಿ ಎಂದು ಕಿರಿಯರಿಗೆ ಉಪದೇಶ ಮಾಡುವ ಪ್ರತಿಯೊಂದು ಕಚೇರಿ, ಆಸ್ಪತ್ರೆ, ಮನೆ ಈ ಒಂದು ಸಾಲನ್ನು ನೆನಪಿಡಬೇಕು. ಮಾತು ಕೇಳದಿದ್ದರೆ ಮುಂದೇನು ಮಾಡಬಹುದು ಎಂಬುದೂ ಆ ಕಿರಿಯನಿಗೆ ಗೊತ್ತಿರಬೇಕು.

ಜಾಮೀನಿಗೆ ಉತ್ತರ

ಈಗ ಅದೇ ಕ್ರಮವನ್ನು ಕಾಫಿ ಲೋಟದ ಎದುರಿಗೆ ತರೋಣ. “ಅಣ್ಣ, ನೀನು ನನ್ನ ಹತ್ತಿರ ಬಂದು ಕೇಳಿದ್ದು ನನಗೆ ಸಂತೋಷ. ಆದ್ರೆ ಜಾಮೀನು ಹಾಕೋಕೆ ನನ್ನ ಕೈಲಾಗಲ್ಲ. ಯಾರಿಗೂ ಹಾಕಬಾರದು ಅಂತ ನಾನು ತೀರ್ಮಾನ ಮಾಡಿದ್ದೀನಿ. ಬೇರೆ ಏನಾದ್ರೂ ದಾರಿ ಇದೆಯಾ ಅಂತ ಇಬ್ಬರೂ ಕೂತು ನೋಡೋಣ.”

ಇಲ್ಲಿ ಕಾರಣ ಒಂದೇ ಇದೆ ಎಂಬುದನ್ನು ಗಮನಿಸಿ. ನಾಲ್ಕು ಕಾರಣ ಕೊಟ್ಟರೆ ನಾಲ್ಕಕ್ಕೂ ಪರಿಹಾರ ಹುಡುಕುತ್ತಾರೆ. “ಈ ತಿಂಗಳು ಕಷ್ಟ” ಎಂದರೆ “ಹಾಗಾದ್ರೆ ಮುಂದಿನ ತಿಂಗಳು ಮಾಡಿಸ್ತೀನಿ” ಎನ್ನುತ್ತಾರೆ, ಅದು ಅವರ ತಪ್ಪೂ ಅಲ್ಲ. ಎಲ್ಲರಿಗೂ ಒಂದೇ ನಿಯಮ ಎಂದಾಗ ನಿರಾಕರಣೆ ಅಣ್ಣನ ನಂಬಿಕೆಯ ಮೇಲಿನ ತೀರ್ಪಾಗುವುದಿಲ್ಲ. ಆದರೆ ನಿಯಮ ನಿಜವಾಗಿರಬೇಕು. ಹೆಂಡತಿಯ ತಮ್ಮನಿಗೆ ಹೋದ ತಿಂಗಳು ಸಹಿ ಹಾಕಿ ಈಗ ಹೀಗೆಂದರೆ ಊರೆಲ್ಲ ಗೊತ್ತಾಗುತ್ತದೆ.

ಅಣ್ಣ ಮತ್ತೆ ಕೇಳುತ್ತಾನೆ, ಖಂಡಿತ ಕೇಳುತ್ತಾನೆ. ಆಗ ಹೊಸ ಕಾರಣ ಹುಡುಕುವುದು ಬೇಡ. ಸ್ಮಿತ್ ಹೇಳಿದ ಉಪಾಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ ಮಾತು, ಅದೇ ದನಿ: “ಕಷ್ಟ ಅರ್ಥ ಆಗತ್ತೆ ಅಣ್ಣ. ಜಾಮೀನು ಮಾತ್ರ ಆಗಲ್ಲ.” ಧಾರವಾಡದ ಕಡೆಯವರು “ಇಲ್ರೀ, ಆಗಂಗಿಲ್ರೀ” ಎಂದು ಒಂದೇ ಉಸಿರಿನಲ್ಲಿ ಹೇಳಿ, ಅದೇ ಉಸಿರಿನಲ್ಲಿ “ಊಟಾ ಮಾಡ್ಕೊಂಡ ಹೋಗ್ರಿ” ಎನ್ನುವುದನ್ನು ಕಂಡಾಗಲೆಲ್ಲ ನನಗೆ ಮೆಚ್ಚುಗೆಯಾಗುತ್ತದೆ. ನಿರಾಕರಣೆಯೂ ಪೂರ್ತಿ, ಆದರವೂ ಪೂರ್ತಿ.

ಇನ್ನು ಹೊತ್ತಿನ ವಿಚಾರ. ನಿಜವಾದ ಒರಟುತನ ಇರುವುದು ತಡಮಾಡುವುದರಲ್ಲಿ. ಭಾನುವಾರವೇ ಆಗಲ್ಲ ಎಂದಿದ್ದರೆ ಅಣ್ಣ ಸೋಮವಾರ ಇನ್ನೊಬ್ಬರನ್ನು ಕೇಳುತ್ತಿದ್ದ. ‘ನೋಡೋಣ’ವನ್ನು ನಂಬಿ ಅವನು ಅರ್ಜಿ ಕೊಟ್ಟಿರುತ್ತಾನೆ, ಮಗನ ಕಾಲೇಜಿಗೆ ಮಾತು ಕೊಟ್ಟಿರುತ್ತಾನೆ. ಕಚೇರಿಯಲ್ಲೂ ಹೀಗೇ. ಶುಕ್ರವಾರ ಸಂಜೆ ತಲೆಯಾಡಿಸಿ ಸೋಮವಾರ ಕೆಲಸ ಆಗಿಲ್ಲ ಎನ್ನುವವರಿಗಿಂತ, “ಸರ್, ಇವತ್ತು ಆಗೋದು ಎರಡರಲ್ಲಿ ಒಂದೇ, ಯಾವುದು ಮೊದಲು ಹೇಳಿ” ಎನ್ನುವವರನ್ನು ಸಾಹೇಬರೂ ನಂಬುತ್ತಾರೆ.

ಇಷ್ಟು ಹೇಳಿದ ಮೇಲೂ ರಾತ್ರಿ ಮಲಗುವಾಗ ‘ಜಾಸ್ತಿ ಹೇಳಿಬಿಟ್ಟೆನಾ’ ಎಂದು ಕೊರೆಯುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇನಿಯಲ್ ಏಮ್ಸ್ ಮತ್ತು ಅಬಿ ವಾಜ್ಲಾವೆಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ. ಚೌಕಾಸಿ ಮಾತುಕತೆಯಲ್ಲಿ ಹದವಾಗಿ ಮಾತಾಡಿದ್ದಾರೆ ಎಂದು ಎದುರಿನವರು ಹೇಳಿದ ಎಷ್ಟೋ ಜನ, ತಾವು ಗೆರೆ ದಾಟಿದೆವು ಎಂದೇ ನಂಬಿದ್ದರು. ಆ ಭಯದಿಂದ ಆಮೇಲೆ ಕೊಡಬಾರದ್ದನ್ನೂ ಕೊಡುವ ಅಪಾಯವಿದೆ. ಮನಸ್ಸು ಕೊರೆಯಿತು ಎಂದ ಮಾತ್ರಕ್ಕೆ ನಾವು ತಪ್ಪಾಡಿದ್ದೇವೆ ಎಂದಲ್ಲ.

ಹೆಂಗಸರಿಗೆ ಬೇರೆ ಅಳತೆ

ಒಂದೇ ವಾಕ್ಯ ಗಂಡಸು ಆಡಿದರೆ ‘ಖಡಕ್ ಮನುಷ್ಯ’, ಹೆಂಗಸು ಆಡಿದರೆ ‘ಬಾಯಿ ಜೋರು’. ಇದು ಬರೀ ಅನಿಸಿಕೆಯಲ್ಲ. ತಮ್ಮ ಸಾಮರ್ಥ್ಯವನ್ನು ನೇರವಾಗಿ ಹೇಳಿಕೊಂಡ ಹೆಂಗಸರನ್ನು ಜನ ಸಮರ್ಥರೆಂದು ಒಪ್ಪಿದರೂ ಇಷ್ಟಪಡಲು ಹಿಂಜರಿಯುವುದನ್ನು ಮನಶ್ಶಾಸ್ತ್ರಜ್ಞೆ ಲಾರಿ ರಡ್‌ಮನ್ 1998ರಲ್ಲೇ ದಾಖಲಿಸಿದ್ದಾರೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿದೆ. ತಾನು ಹೇಳಲಾಗದ ‘ಇಲ್ಲ’ವನ್ನು ಗಂಡಸು ಹೆಂಡತಿಯ ತಲೆಗೆ ಕಟ್ಟುತ್ತಾನೆ. “ನನಗೇನೂ ಇಲ್ಲ ಅಣ್ಣ, ಇವಳೇ ಬೇಡ ಅಂತಾಳೆ.” ಅವನ ಮುಖ ಉಳಿಯಿತು. ಅವಳು ಗಂಡನ ಕಡೆಯ ನೆಂಟರಲ್ಲೆಲ್ಲ ಕೆಟ್ಟವಳಾದಳು. ಹೆಂಗಸರು ಹೇಗೆ ಮಾತಾಡಬೇಕು ಎಂಬ ಸಲಹೆಗಳು ಬೇಕಾದಷ್ಟಿವೆ. ನನ್ನ ಬೇಡಿಕೆ ಗಂಡಸರಿಗೆ: ನಿಮ್ಮ ‘ಇಲ್ಲ’ವನ್ನು ನಿಮ್ಮ ಬಾಯಿಂದಲೇ ಹೇಳಿ.

ಹಿರಿಯರ ಪಾಲು

2005ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ತಾಯಿ ಸೈನಸ್‌ನ ಸಣ್ಣ ಆಪರೇಷನ್ನಿಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಕಟ್ಟಿಕೊಂಡಿತು. ಅನುಭವಿ ವೈದ್ಯರು ಬಾಯಿಯ ಮೂಲಕ ಕೊಳವೆ ಇಳಿಸಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಹೆಣಗಿದರು. ಒಬ್ಬ ನರ್ಸ್ ಕತ್ತಿನಲ್ಲಿ ರಂಧ್ರ ಮಾಡಿ ಉಸಿರು ಕೊಡುವ ಸಾಮಗ್ರಿ ತಂದು, ಸಿದ್ಧವಿದೆ ಎಂದರು. ಇನ್ನೊಬ್ಬರು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಿ ಹೇಳಿದರು. ವೈದ್ಯರು ಲಕ್ಷ್ಯ ಕೊಡಲಿಲ್ಲ. ಆ ಹಾಸಿಗೆ ಮತ್ತೆ ರದ್ದಾಯಿತು. ಆ ತಾಯಿ ಬದುಕಲಿಲ್ಲ. ಅವರ ಗಂಡ ಮಾರ್ಟಿನ್ ಬ್ರೊಮೈಲಿ ವೃತ್ತಿಯಲ್ಲಿ ಪೈಲಟ್. ವಿಮಾನಯಾನ ಕಲಿತ ಪಾಠವನ್ನು ಆಸ್ಪತ್ರೆಗಳಿಗೆ ಮುಟ್ಟಿಸುವ ಕೆಲಸಕ್ಕೆ ಅವರು ಇಳಿದರು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ ಒಂದು ಅಂಶವಿದೆ. ಚರ್ಮ ಕೊಯ್ಯುವ ಮುಂಚೆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ಮೇಲುನೋಟಕ್ಕೆ ಇದು ಔಪಚಾರಿಕ ಎನ್ನಿಸುತ್ತದೆ. ಆದರೆ ಒಮ್ಮೆ ಬಾಯಿ ಬಿಟ್ಟು ಮಾತಾಡಿದ ನರ್ಸ್‌ಗೆ ಅಪಾಯದ ಗಳಿಗೆಯಲ್ಲಿ ಎರಡನೇ ಮಾತು ಸಲೀಸಾಗಿ ಬರುತ್ತದೆ.

ನಮ್ಮ ಸೇನೆಯ ನಿಯಮಗಳಲ್ಲೂ ಇಂಥ ವಿವೇಕ ಇದೆ. ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರು ಅಭಿಪ್ರಾಯ ಹೇಳುವಾಗ ಎಲ್ಲರಿಗಿಂತ ಕಿರಿಯ ಅಧಿಕಾರಿ ಮೊದಲು ಹೇಳಬೇಕು. ಹಿರಿಯರ ಮಾತು ಕೇಳಿದ ಮೇಲೆ ಕಿರಿಯರ ಬಾಯಿ ಕಟ್ಟುತ್ತದೆ ಎಂಬುದು ಶಿಸ್ತಿಗೆ ಹೆಸರಾದ ಆ ಸಂಸ್ಥೆಗೂ ಗೊತ್ತು. ಮನೆಯಲ್ಲಿ ಜಮೀನು ಮಾರುವ ಮಾತೋ ಮಗಳ ಮದುವೆಯ ಮಾತೋ ಬಂದಾಗ ಅಪ್ಪ, ದೊಡ್ಡಪ್ಪಂದಿರು ಈ ಕ್ರಮವನ್ನು ಒಮ್ಮೆ ನಡೆಸಿ ನೋಡಬಹುದು. ಮೊದಲು ಮಗಳನ್ನೇ ಕೇಳಲಿ. ಅವಳು ಹೇಳಿ ಮುಗಿಸುವ ತನಕ ತಮ್ಮ ಅಭಿಪ್ರಾಯವನ್ನು ತಮ್ಮಲ್ಲೇ ಇಟ್ಟುಕೊಳ್ಳಲಿ.